ಕೈ ನಿಲ್ಲುವವರೆಗೆ ವಾದ

ಬಸ್ಸಿನ ಟೈರು ಪಂಕ್ಚರಾಗಬಹುದಿತ್ತು. ಅಂಕಪಟ್ಟಿ ಮನೆಯಲ್ಲೇ ಉಳಿದುಬಿಡಬಹುದಿತ್ತು. ಅರ್ಜಿಗೆ ಅಂಟಿಸಿದ ಫೋಟೋ ಬಳ್ಳಾರಿಯ ಬಿಸಿಲಿಗೆ ಗೋಂದು ಬಿಟ್ಟು ಉದುರಬಹುದಿತ್ತು. ಚಪ್ಪಲಿಯ ಪಟ್ಟಿ ಕಿತ್ತುಹೋಗಬಹುದಿತ್ತು. ಬಸ್ ನಿಲ್ದಾಣದ ಎದುರು ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸರಿಯಾಗಿ ಹತ್ತು ಗಂಟೆಗೆ ಹೊಟ್ಟೆಯಲ್ಲಿ ತಕರಾರು ಎಬ್ಬಿಸಬಹುದಿತ್ತು. ಕುಡತಿನಿಯಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರವಿದ್ದರೂ ನಮ್ಮ ಕಡೆ ಕರೆಂಟು ಹೋಗುವುದು ತಪ್ಪಿದ್ದಲ್ಲ; ಫ್ಯಾನು ನಿಂತು ಸಂದರ್ಶಕರ ತಲೆ ಬಿಸಿಯಾಗಬಹುದಿತ್ತು. ಶಿಷ್ಯೆಯೊಬ್ಬಳನ್ನು ಸಂದರ್ಶನಕ್ಕೆ ಕರೆದೊಯ್ದ ಆ ದಿನ ಒಂದೊಂದಕ್ಕೂ ನನ್ನ ಕೈಚೀಲದಲ್ಲಿ ಉಪಾಯವಿತ್ತು: ಗೋಂದಿನ ಬಾಟಲಿ, ಸೇಫ್ಟಿ ಪಿನ್ನು, ಗ್ಲೂಕೋಸ್ ಪೊಟ್ಟಣ, ಮೂರು ಪೆನ್ನು, ಅಂಕಪಟ್ಟಿಯ ನಾಲ್ಕು ಜೆರಾಕ್ಸು, ಒಂದು ಬೀಸಣಿಗೆ. ಬೀಸಣಿಗೆ ಸಂದರ್ಶಕರಿಗೆ. ನಗಬೇಡಿ. ಹುಟ್ಟಾ ಚಿಂತೆಗಾರನಾದವನು ಹೀಗೇ ಹೊರಡುತ್ತಾನೆ.

ಇದೆಲ್ಲ ನೆನಪಾದದ್ದು ಒಂದು ದಾರದಿಂದ. ಕಳೆದ ವಾರ ಕೊಂಡ ಜೀನ್ಸ್ ಪ್ಯಾಂಟಿನ ಕಾಲಂಚಿನಲ್ಲಿ ಕಪ್ಪು ದಾರದ ತುದಿಯೊಂದು ಜೋತಾಡುತ್ತಿತ್ತು. ಐವತ್ತು ಸಮೀಪಿಸಿದ ಕನ್ನಡ ಮೇಷ್ಟ್ರಿಗೆ ಜೀನ್ಸ್ ಯಾಕೆ ಎಂದು ನನ್ನ ಹೆಂಡತಿಯೂ ಕೇಳಿದ್ದಾಳೆ. ಊರಿಗೆಲ್ಲ ಜೀನ್ಸ್ ಹೊಲಿದು ಕಳಿಸುವ ಬಳ್ಳಾರಿಯವನೇ ಜೀನ್ಸ್ ತೊಡದಿದ್ದರೆ ಇನ್ನು ಯಾರು ತೊಡಬೇಕು ಎಂದು ನಾನು ಮರುಪ್ರಶ್ನೆ ಹಾಕಿ ತಪ್ಪಿಸಿಕೊಂಡೆ. ಆದರೆ ಆ ದಾರವನ್ನು ಕತ್ತರಿಸಲು ಕೂತಾಗ, ಕುರುಗೋಡಿನ ಒಂದು ಪಡಸಾಲೆ ಕಣ್ಣೆದುರು ಬಂದು ಕತ್ತರಿ ಕೈಯಲ್ಲೇ ಉಳಿಯಿತು.

ಆಗ ನಾನು ಕುರುಗೋಡಿನ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಡಿಗ್ರಿ ಮುಗಿಸಿದ ಮೇಲೆ ಮೂರು ವರ್ಷ ಕಾನೂನು ಓದಬಹುದು ಎಂಬುದು ಅಲ್ಲಿಯ ಎಷ್ಟೋ ಮಕ್ಕಳಿಗೆ ಗೊತ್ತಿರಲಿಲ್ಲ. ಅವರಿಗೆ ದಾರಿ ತೋರಿಸುವ ಹೊಣೆಯನ್ನು ಪ್ರಾಂಶುಪಾಲರು ನನ್ನ ತಲೆಗೆ ಕಟ್ಟಿದರು. ನನಗೆ ಕಾನೂನಿನ ಗಂಧವೂ ಇಲ್ಲ ಎಂದೆ. “ನಿಮಗ ಎಲ್ಲದಕ್ಕೂ ಅಂಜಿಕಿ ಐತಲ್ರಿ, ಅಷ್ಟ ಸಾಕು. ಅಂಜೋರಿಗೇ ಕಾನೂನು ಅರ್ಥ ಆಗೋದು” ಎಂದು ಅವರು ಕಡತ ಮುಚ್ಚಿದರು.

ಮೊದಲ ಶನಿವಾರದ ತರಗತಿಗೆ ಒಂಬತ್ತು ಜನ ಬಂದರು. ಮೂರನೆಯ ಶನಿವಾರಕ್ಕೆ ಉಳಿದವಳು ನಸ್ರೀನ್ ಒಬ್ಬಳೇ. ಬಿ.ಎ. ಕೊನೆಯ ವರ್ಷ, ಓದಿದ್ದೆಲ್ಲ ಕನ್ನಡ ಮಾಧ್ಯಮ. ನಾನು ನಿಘಂಟು ಕೊಟ್ಟು ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡು ಎಂದೆ. ಕನ್ನಡ ಮೇಷ್ಟ್ರು ಕಾನೂನು ಕಲಿಸಿದರೆ ಇನ್ನೇನಾಗುತ್ತದೆ! ಅವಳು ನಿಘಂಟನ್ನು ಮರ್ಯಾದೆಯಿಂದ ತೆಗೆದುಕೊಂಡು, “ಸರ್, ನೀವು ಒಂದ್ಸಲ ಮನಿಗೆ ಬರ್ರಿ. ನಾನು ಹೆಂಗ ಓದ್ತೀನಂತ ನೋಡ್ರಿ, ಆಮ್ಯಾಲ ತಪ್ಪಿದ್ರ ತಿದ್ರಿ” ಎಂದಳು.

ಹೋದೆ. ಪಡಸಾಲೆಯ ನಡುವೆ ಜೀನ್ಸ್ ಪ್ಯಾಂಟುಗಳ ಗುಡ್ಡೆ. ಬಳ್ಳಾರಿಯಲ್ಲಿ ಹೊಲಿದ ಪ್ಯಾಂಟುಗಳು ಗಂಟುಗಂಟಾಗಿ ಆಟೋದಲ್ಲಿ ಅಲ್ಲಿಗೆ ಬರುತ್ತಿದ್ದವು. ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಒಂದೊಂದಾಗಿ ಕತ್ತರಿಸಿ ಸ್ವಚ್ಛ ಮಾಡಿ ಕಳಿಸುವುದು ಮನೆಯ ಹೆಂಗಸರ ಕೆಲಸ. ನಸ್ರೀನಳ ತಾಯಿ ಹಸೀನಾಬಿ, ಪಕ್ಕದ ಮನೆಯ ಗಂಗಮ್ಮ, ಇನ್ನಿಬ್ಬರು ಗುಡ್ಡೆಯ ಸುತ್ತ ಕೂತಿದ್ದರು. ನಾಲ್ಕು ಕತ್ತರಿಗಳ ಸದ್ದು ಸಣ್ಣ ಮಳೆ ಹಿಡಿದಂತೆ. ನಸ್ರೀನ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು, ವಕೀಲರಂತೆ.

ಅವಳ ಪದ್ಧತಿ ಹೀಗಿತ್ತು. ರಜೆಯ ದಿನಗಳಲ್ಲಿ ಸಿರುಗುಪ್ಪದ ಸೋದರಮಾವನ ಮನೆಗೆ ಹೋಗಿ, ಅಲ್ಲಿಯ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ವಾದ ಕೇಳುವುದು. (ಒಮ್ಮೆ ನನ್ನನ್ನೂ ಕರೆದೊಯ್ದಿದ್ದಳು. ಜವಾನ ಯಾರ ಹೆಸರು ಕೂಗಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಮೂರನೆಯ ಸಲಕ್ಕೆ ಅವಳು ನನ್ನ ಶರ್ಟು ಹಿಡಿದು ಕೂರಿಸಿದಳು.) ಕೇಳಿದ ತಕರಾರನ್ನು ಮನೆಗೆ ತಂದು ಈ ಹೆಂಗಸರ ಮುಂದೆ ಎರಡೂ ಕಡೆಯಿಂದ ವಾದಿಸುವುದು. ಅವರು ಕೆಲಸ ನಿಲ್ಲಿಸುವಂತಿಲ್ಲ, ಇವಳು ನಿಲ್ಲಿಸಿ ಎಂದು ಕೇಳುವಂತಿಲ್ಲ. ಮಾತು ನಾಟಿದರೆ ಕತ್ತರಿ ತಾನಾಗಿ ನಿಲ್ಲುತ್ತದೆ. ನಾಲ್ಕೂ ಕೈ ನಿಂತರೆ ಗೆದ್ದಂತೆ. ಅಲ್ಲಿಯವರೆಗೆ ಕೂರುವ ಹಾಗಿಲ್ಲ.

ಅಂದಿನ ಪ್ರಶ್ನೆ ಅವಳೇ ಕಟ್ಟಿಕೊಂಡದ್ದು: ಮನೆಯಲ್ಲೇ ಕೂತು ದಾರ ಕತ್ತರಿಸುವವಳು ಆ ಜೀನ್ಸ್ ಮಾಲೀಕನ ಕೆಲಸಗಾರಳು ಹೌದೋ ಅಲ್ಲವೋ? ಮೊದಲು ಮಾಲೀಕನ ಪರ ನಿಂತಳು. “ಈಕಿ ಬೇಕಂದಾಗ ಕುಂದರ್ತಾಳ, ಬ್ಯಾಡಂದಾಗ ಏಳ್ತಾಳ. ಹಾಜರಿ ಇಲ್ಲ, ಗಂಟಿ ಇಲ್ಲ. ಹಂಗಂದ್ಮ್ಯಾಲ ಈಕಿ ನನ್ನ ಕೆಲಸದಾಕಿ ಹೆಂಗಾದ್ಳು?”

ಹಸೀನಾಬಿಯ ಕತ್ತರಿ ನಿಂತಿತು. “ಏನಂದಿ? ನಾನು ಬೇಕಂದಾಗ ಏಳ್ತೀನಾ? ಮುಂಜಾನಿಂದ ನಿನಗ ಚಾ ಮಾಡಿಕೊಡಾಕ ಎದ್ದೀನೇನ?”

“ಅಮ್ಮೀ, ಅದು ನಾನಲ್ಲ, ಮಾಲೀಕ ಅಂದಿದ್ದು.”

“ಹಂಗಾರ ಚಾ ಅವನ ಮನ್ಯಾಗ ಕುಡಿ ಹೋಗು.”

ಎಲ್ಲರೂ ನಕ್ಕರು, ಗಂಗಮ್ಮ ಒಬ್ಬಳನ್ನು ಬಿಟ್ಟು. ಅವಳು ಬಾದನಹಟ್ಟಿಯಿಂದ ಮದುವೆಯಾಗಿ ಬಂದವಳು, ತೆಲುಗು ಕನ್ನಡ ಎರಡರಲ್ಲೂ ಬೈಯಬಲ್ಲವಳು. ಅವಳ ಕೈ ನಿಲ್ಲಿಸುವುದೇ ಕಷ್ಟ. “ಏಮೇ ನಸ್ರೀನಾ, ಒಂದೇ ಕಡಿ ಎಷ್ಟೊತ್ತು ಹೇಳ್ತಿಯೇ? ಆ ಕಡೀದು ಹೇಳು” ಎಂದಳು, ತಲೆ ಎತ್ತದೆ. ನಸ್ರೀನ್ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದು ಕೆಲಸಗಾರಳ ಪರ ಶುರುಮಾಡಿದಳು. ದಾರದ ಬದಲು ಬಟ್ಟೆ ಕತ್ತರಿಸಿದರೆ ಬೈಯುವವನು ಯಾರು? ಸಂಜೆಯೊಳಗೆ ಮುಗಿಯಬೇಕೆಂದು ಗಡುವು ಹಾಕುವವನು ಯಾರು? ಗಂಗಮ್ಮನ ಕೈ ನಿಧಾನವಾಯಿತು, ನಿಲ್ಲಲಿಲ್ಲ. ನಸ್ರೀನ್ ಬಿಡಲಿಲ್ಲ. ಮತ್ತೊಂದು ಹೇಳಿದಳು, ಅದರ ಮೇಲೊಂದು. ಕೊನೆಗೆ ಆ ಕತ್ತರಿಯೂ ಸುಮ್ಮನಾಯಿತು. ನಾನು ಕೊಟ್ಟ ನಿಘಂಟು ಅಟ್ಟದ ಮೇಲೆ ಅಂದವಾಗಿ ಕೂತಿತ್ತು. ತಿದ್ದಲು ಹೋದವನು ಚಹಾ ಕುಡಿದು ಎದ್ದುಬಂದೆ.

ಬೇಸಿಗೆಯ ಹೊತ್ತಿಗೆ ಅವಕಾಶವೊಂದು ಬಂತು. ಕಾನೂನು ಓದಬೇಕೆಂದಿರುವ ಡಿಗ್ರಿ ವಿದ್ಯಾರ್ಥಿಗಳಿಗೆ ಒಂದು ಟ್ರಸ್ಟು ಎರಡು ತಿಂಗಳು ಊಟ ವಸತಿ ಕೊಟ್ಟು ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿತ್ತು. ಇಂಗ್ಲಿಷ್ ಓದುವುದನ್ನು, ಬರೆಯುವುದನ್ನು ಬುಡದಿಂದ ಕಲಿಸುತ್ತಿತ್ತು. ನಮ್ಮ ಕಡೆಯಿಂದ ಒಬ್ಬರಿಗಷ್ಟೇ ಜಾಗ. ನಸ್ರೀನ್ ವಾದದಲ್ಲಿ ಯಾರಿಗೂ ಕಡಿಮೆಯಲ್ಲ. ಆದರೆ ಪರೀಕ್ಷೆಯ ಇಂಗ್ಲಿಷನ್ನು ಅವಳಿಗೆ ಕಲಿಸುವವರು ಕುರುಗೋಡಿನಲ್ಲಿ ಇರಲಿಲ್ಲ. ನನ್ನ ಇಂಗ್ಲಿಷಿನ ವಿಚಾರ ಬಿಡಿ. ಆ ಜಾಗ ತಪ್ಪಿದರೆ ಕಾನೂನು ಓದುವ ಮಾತೂ ತಪ್ಪಿದಂತೆಯೇ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೈಚೀಲ ಅಷ್ಟು ಭಾರವಾದದ್ದು ಅದಕ್ಕೇ.

ಸಂದರ್ಶನ ಬಳ್ಳಾರಿಯಲ್ಲಿ. ಬಸ್ಸು ಸಮಯಕ್ಕೆ ಮುಂಚೆಯೇ ತಲುಪಿತು. ಫೋಟೋ ಉದುರಲಿಲ್ಲ, ಕರೆಂಟು ಹೋಗಲಿಲ್ಲ, ಹೊಟ್ಟೆ ತೆಪ್ಪಗಿತ್ತು. ಪ್ರಶ್ನೆಗಳಿಗೆ ಯಾವ ಭಾಷೆಯಲ್ಲಾದರೂ ಉತ್ತರಿಸಬಹುದು ಎಂದರಂತೆ. ಒಳಗೆ ಹೋದವರೆಲ್ಲ ಹತ್ತು ನಿಮಿಷಕ್ಕೆ ಹೊರಬರುತ್ತಿದ್ದರು, ಗಂಟೆ ಬಾರಿಸಿದ ಕೂಡಲೇ. ನಸ್ರೀನ್ ಹೋದಳು. ಬಾಗಿಲು ಅರೆ ತೆರೆದಿತ್ತು, ನಾನು ಅದರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ನಿಮಗೆ ತಿಳಿದ ಯಾವುದಾದರೂ ತಕರಾರನ್ನು ಎರಡೂ ಕಡೆಯಿಂದ ಹೇಳಿ ಎಂದರು. ಅವಳು ದಾರದ ಪ್ರಶ್ನೆಯನ್ನೇ ಎತ್ತಿಕೊಂಡಳು. ನನಗೆ ಜೀವ ಬಂತು.

ಗಂಟೆ ಬಾರಿಸಿತು. ಅವಳು ನಿಲ್ಲಿಸಲಿಲ್ಲ. ಇನ್ನೊಮ್ಮೆ ಬಾರಿಸಿತು. ಮಾತು ಮುಂದುವರಿದೇ ಇತ್ತು. ಸಂದಿಯಲ್ಲಿ ಇಣುಕಿದೆ. ಮೂವರು ಸಂದರ್ಶಕರು. ನಡುವಿನ ಮೇಡಂ, ಬಲಗಡೆಯವರು ಅವಳನ್ನೇ ನೋಡುತ್ತಿದ್ದರು. ಎಡಗಡೆಯ ಹಿರಿಯರು ಮಾತ್ರ ತಲೆ ಬಗ್ಗಿಸಿ ಬರೆಯುತ್ತಿದ್ದರು, ಬರೆಯುತ್ತಲೇ ಇದ್ದರು. ಪಾಪ, ಅವರು ಅವಳು ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದಿರಬೇಕು. ಆದರೆ ನಸ್ರೀನಳ ಕಣ್ಣು ಆ ಪೆನ್ನಿನ ಮೇಲಿತ್ತು. ಅವಳ ಲೆಕ್ಕದಲ್ಲಿ ಅದು ಗಂಗಮ್ಮನ ಕೈ. ಅದು ನಿಲ್ಲುವವರೆಗೆ ಅವಳು ನಿಲ್ಲುವವಳಲ್ಲ.

ಮೂರನೆಯ ಗಂಟೆಯೂ ಬಾರಿಸಿತು. ಇವಳನ್ನು ಉದ್ಧಟ ಹುಡುಗಿ ಎಂದುಕೊಂಡು ಕಳಿಸಿಬಿಟ್ಟರೆ? ಬಾಗಿಲು ದೂಡಿಕೊಂಡು ಒಳಗೆ ನಿಂತುಬಿಟ್ಟಿದ್ದೆ. “ಸಾಕಮ್ಮ ನಸ್ರೀನ್, ಸಾಕು.”

“ಯಾರ್ರೀ ನೀವು?” ಎಂದರು ಮೇಡಂ. ನನ್ನ ಕೈಯಲ್ಲಿ ಬೀಸಣಿಗೆ ಇತ್ತು. ಅದನ್ನು ಕಂಡು ಅವರಿಗೆ ಏನನ್ನಿಸಿತೋ.

ನಸ್ರೀನ್ ತಿರುಗಿ ನೋಡಲೂ ಇಲ್ಲ. “ಅವರು ನಮ್ಮ ಸರ್ ರೀ, ಮೇಡಂ. ಅವರದು ಏನೈತಿ ಮುಗೀಲಿ, ಆಮ್ಯಾಲ ನಂದು ಹೇಳ್ತೀನಿ.”

ನನ್ನದು ಏನೂ ಇರಲಿಲ್ಲ. ಹಿರಿಯರು ಪೆನ್ನು ಕೆಳಗಿಟ್ಟು ನಗತೊಡಗಿದರು. ಮೇಡಂ, “ಇರಲಿ, ಇಷ್ಟು ಸಾಕು. ನೀನು ಹೋಗಮ್ಮ” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವಳೇ ಅಂದಳು, “ಸರ್, ನಂದು ಇನ್ನೊಂದು ಮಾತು ಉಳೀತ್ರಿ.” ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಹತ್ತು ದಿನ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ಹನ್ನೊಂದನೆಯ ದಿನ ಪಟ್ಟಿ ಬಂತು. ಜಾಗ ಅವಳದೇ. ಆಮೇಲೆ ಆ ಪ್ರವೇಶ ಪರೀಕ್ಷೆಯನ್ನೂ ಅವಳು ದಾಟಿದಳು. ಪರೀಕ್ಷೆಯ ದಿನ ಹಸೀನಾಬಿ ಕೇಂದ್ರಕ್ಕೆ ತಾನೇ ಜೊತೆ ಹೋಗಿ, ನನ್ನನ್ನು ಊರಲ್ಲೇ ಬಿಟ್ಟಳು. ಒಳ್ಳೆಯ ತೀರ್ಪು.

ಈಗ ನಸ್ರೀನ್ ಕಾನೂನಿನ ಎರಡನೆಯ ವರ್ಷದಲ್ಲಿದ್ದಾಳೆ. ಪ್ಯಾಂಟಿನ ದಾರ ಹಿಡಿದು ಕೂತಿದ್ದ ನಾನು ಅವಳಿಗೆ ಫೋನು ಮಾಡಿದೆ. ಈ ಶನಿವಾರ ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ವಾದಿಸಲಿದ್ದೇನೆ ಎಂದಳು. ವಿಷಯ ಕೇಳಿದೆ. “ಅದ ರೀ ಸರ್, ನಮ್ಮನಿ ದಾರದ್ದು. ಈಗ ಕಾಯ್ದೆ, ಕಲಂ ಎಲ್ಲಾ ಇಟ್ಕೊಂಡು ಮಾಡಾಕತ್ತೀನಿ.”

ಇಷ್ಟು ದಿನ ಕೇಳಲು ಧೈರ್ಯವಾಗದ್ದನ್ನು ಕೇಳಿದೆ. “ಆವತ್ತು ಒಂದು ಮಾತು ಉಳಿಯಿತು ಅಂದಿದ್ದೆಯಲ್ಲ, ಅದೇನಮ್ಮ?”

“ಅದಾ? ನಂದಲ್ರಿ ಅದು, ಅಮ್ಮೀದು. ಆವತ್ತು ಮುಂಜಾನಿ ನನ್ನ ತಲಿ ಬಾಚಿಕೋತ ಅಂದಿದ್ಳು. ‘ಕರೀ ಬಟ್ಟಿ ಮ್ಯಾಲಿಂದ ಕರೀ ದಾರ ಹುಡುಕಿ ಹುಡುಕಿ ನನ್ನ ಕಣ್ಣು ಹೋದ್ವು. ನಂದು ಕೆಲಸ ಅಲ್ಲಂದ್ರ, ಇವು ಯಾತಕ್ಕ ಹೋದ್ವಂತ ಅವರನ್ನ ಕೇಳು’ ಅಂತ. ಕಡೀಗೆ ಹೇಳ್ಬೇಕಂತ ಇಟ್ಕೊಂಡಿದ್ದೆ.”

ನಾನು ಮಡಿಲಲ್ಲಿದ್ದ ಪ್ಯಾಂಟನ್ನು ಬೆಳಕಿಗೆ ಹಿಡಿದು ಆ ಕಪ್ಪು ದಾರದ ತುದಿಯನ್ನು ಹುಡುಕತೊಡಗಿದೆ.

“ಸರ್, ಅದೀರೇನ್ರಿ? ಲೈನ್ ಕಟ್ ಆತೇನು?”

“ಅದೀನಮ್ಮ. ಶನಿವಾರ ನಾನೂ ಬರಬಹುದಾ?”

“ಬರ್ರಿ ಸರ್. ಹಿಂದಿನ ಬೆಂಚಿನ್ಯಾಗ ಕುಂದರ್ರಿ.”

ಅಷ್ಟೆಲ್ಲ ತಪ್ಪಬಹುದಾಗಿದ್ದ ದಿನ ತಪ್ಪಿದ್ದು ಒಂದೇ: ಹಸೀನಾಬಿಯ ಆ ಮಾತು ಸಂದರ್ಶಕರ ಕಿವಿಗೆ ಬೀಳಲಿಲ್ಲ, ಬೀಸಣಿಗೆ ಹಿಡಿದು ಅದಕ್ಕೆ ಅಡ್ಡವಾಗಿ ನಾನು ನಿಂತಿದ್ದೆ.