ಬಿಯರ್ ತಯಾರಿಸುವ ವರನನ್ನು ವಿಚಾರಿಸಿಕೊಂಡು ಬಂದ ಬಗ್ಗೆ

ಮಾನ್ಯ ಓದುಗರಲ್ಲಿ ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕಾಗುಣಿತ ನಂಬತಕ್ಕದ್ದಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ನನ್ನ ಕೈಯಲ್ಲಿ ತಮಗೆ ಇಷ್ಟ ಬಂದ ಕಡೆ ಕುಳಿತುಕೊಳ್ಳುತ್ತವೆ. ಕೈಬರಹವಂತೂ ಅದಕ್ಕಿಂತ ಕೆಟ್ಟದ್ದು. ಇದು ಅಚ್ಚಾಗಿ ತಮ್ಮ ಕೈ ಸೇರುವಷ್ಟರಲ್ಲಿ ಆ ಬರಹದ ಕಷ್ಟವನ್ನು ಬೇರೆ ಯಾರೋ ಅನುಭವಿಸಿರುತ್ತಾರಾದ್ದರಿಂದ, ಆ ಅಪರಿಚಿತರಲ್ಲಿಯೂ ಈ ಮೂಲಕವೇ ಕ್ಷಮೆ ಬೇಡುತ್ತೇನೆ. ಕಾಮಸಮುದ್ರದ ಹತ್ತಿರ ನಮ್ಮೂರಿನ ಹಾಲಿನ ಸೊಸೈಟಿಗೆ ನಾನು ಕಾರ್ಯದರ್ಶಿ. ಇಲ್ಲಿಯವರೆಗೆ ನಾನು ಬರೆದಿರುವುದೆಲ್ಲ ಪಶು ಆಹಾರ ಬಂದಿಲ್ಲ, ದಯಮಾಡಿ ಕಳುಹಿಸಿಕೊಡುವುದು ಎಂಬಂಥ ಪತ್ರಗಳನ್ನು ಮಾತ್ರ. ಪತ್ರದಲ್ಲಿ ಒಂದು ಅನುಕೂಲವಿದೆ. ಬರೆಯುವವನಿಗೆ ಏನು ಬೇಕೆಂಬುದು ಬರೆಯುವ ಮೊದಲೇ ಗೊತ್ತಿರುತ್ತದೆ. ಪ್ರಬಂಧದಲ್ಲಿ ಅಂಥ ಅನುಕೂಲ ಕಾಣದಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನನ್ನ ಅಕ್ಕನ ಮಗಳು ಅಶ್ವಿನಿ ಬಂಗಾರಪೇಟೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ಕ್ಯಾಸಂಬಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಮಂಜುನಾಥ. ಮನೆತನ ಒಳ್ಳೆಯದು, ಜಾತಕ ಕೂಡಿತ್ತು, ಹುಡುಗ ಅಶ್ವಿನಿಗಿಂತ ಎತ್ತರವಾಗಿಯೂ ಇದ್ದ. ಅಡ್ಡಿಯಾಗಿ ನಿಂತದ್ದು ಅವನ ಕೆಲಸ. ಕೆ.ಜಿ.ಎಫ್.ನಲ್ಲಿ ಗಣಿಯ ಕಾಲದ ಹಳೆಯ ಬಂಗಲೆಯೊಂದನ್ನು ಹಿಡಿದು, ಅಲ್ಲಿಯೇ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಒಂದು ಹೊಸ ಸ್ಥಳ ಮಾಡಿದ್ದಾರೆ. ಸದರಿ ಬಿಯರನ್ನು ತಯಾರಿಸುವವನೇ ಈ ಮಂಜುನಾಥ.

ಅಕ್ಕ ನನ್ನನ್ನು ಬಂಗಾರಪೇಟೆಗೆ ಕರೆಸಿಕೊಂಡಳು.

"ಎಲ್ಲಾ ಸರಿ ಐತೆ ಕಣ್ಲಾ ರಾಜು, ಆ ಕೆಲ್ಸ ಒಂದ್ ಬಿಟ್ಟು. ನಾಳೆ ಲಗ್ನಪತ್ರಿಕೆ ಇಡ್ಕೊಂಡು ಬೀದಿಗೆ ಇಳುದ್ರೆ, ಅಳಿಯ ಏನ್ಮಾಡ್ತಾನಮ್ಮಾ ಅಂತಾರೆ. ಬೀರು ಬೇಯಿಸ್ತಾನೆ ಅನ್ಲಾ? ನೀನು ಸೋದರಮಾವ. ನಿಮ್ಮ ಬಾವನ್ನ ಕರ್ಕೊಂಡು ಓಗಿ ನೋಡ್ಕಂಡು ಬಾ. ಕುಡುಕನಾ ಅಲ್ವಾ ಅಂತ ನಂಗೊತ್ತಾಗ್ಬೇಕು."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಅಶ್ವಿನಿ ಹಿಂದೆಯೇ ಬಂದಳು.

"ಮಾವ, ಕುಡೀತಾನಾ ಇಲ್ವಾ ಅನ್ನೋದು ಅಮ್ಮಂಗೆ ಏಳು. ನಂಗೆ ಬೇಕಾಗಿರೋದು ಬೇರೆ."

"ಏನವ್ವಾ?"

"ಅವ್ನ ಕೆಲ್ಸದಾಗೆ ಒಂದು ತಪ್ಪು ತೋರ್ಸು. ಮಕ ಎಂಗಾಗ್ತದೆ ನೋಡ್ಕಂಡು ಬಾ. ಅದ್ರ ಮ್ಯಾಲೆ ನಾನು ಊಂ ಅಂತೀನಿ, ಇಲ್ಲಾ ಅಂದ್ರೆ ಇಲ್ಲ."

ಇದಕ್ಕೆ ಹಿನ್ನೆಲೆಯುಂಟು. ಹೋದ ವರ್ಷ ಕಾರಿನಲ್ಲಿ ಬಂದಿದ್ದ ಒಬ್ಬ ವರನಿಗೆ ಇವಳು, ಹಿಂದಿನ ದೀಪ ಉರಿಯುತ್ತಿಲ್ಲ ನೋಡಿ, ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅವನು ಕೆಳಗಿಳಿದು ನೋಡಲೂ ಇಲ್ಲ. ಉರಿಯುತ್ತಿದೆ ಎಂದು ಅಲ್ಲಿಂದಲೇ ವಾದಿಸಿ, ಮುಖ ಊದಿಸಿಕೊಂಡು, ದೀಪವಿಲ್ಲದ ಕಾರಿನಲ್ಲಿಯೇ ಹೊರಟುಹೋದ. ಅಶ್ವಿನಿ ಆ ಸಂಬಂಧ ಬೇಡವೆಂದಳು. ಒಂದು ಬಲ್ಬಿಗಾಗಿ ಸಂಬಂಧ ಬಿಡುವುದುಂಟೇ ಎಂದು ಆಗ ನಾನೂ ಅಂದುಕೊಂಡಿದ್ದೆ.

ಇಲ್ಲಿ ನನ್ನ ಬಗ್ಗೆ ಒಂದು ನಿಜವನ್ನು ಹೇಳಲೇಬೇಕಾಗಿದೆ. ನಾನು ಯಾರ ತಪ್ಪನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಹಾಲಿಗೆ ನೀರು ಬೆರೆಸಿ ತಂದವರಿಗೂ, ನಿಮ್ಮ ಹಸು ಇತ್ತೀಚೆಗೆ ನೀರು ಜಾಸ್ತಿ ಕುಡಿಯುತ್ತಿರುವಂತೆ ಕಾಣುತ್ತದೆ, ಎಂದು ಹಸುವಿನ ಮೇಲೆ ಹಾಕಿ ಮಾತು ಮುಗಿಸುತ್ತೇನೆ. ಅಂಥವನನ್ನು ಅಪರಿಚಿತನೊಬ್ಬನ ತಪ್ಪು ಹುಡುಕಲು ಕಳುಹಿಸುವುದು ಸೂಕ್ತವಲ್ಲವೆಂದು ಅಶ್ವಿನಿಗೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ಬಾವ ಬೀದಿಯ ತಿರುವು ದಾಟಿಯಾಗಿತ್ತು.

ಬಾವ ನಾರಾಯಣಸ್ವಾಮಿಯವರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿದ್ದರು. ಬಸ್ಸು ಬರುವುದು ತಡವೆಂದು ಬಂಗಾರಪೇಟೆಯಲ್ಲಿ ಇಬ್ಬರೂ ಪಾನಿಪುರಿ ತಿಂದೆವು. ಅಶ್ವಿನಿ ಒಪ್ಪಿಸಿದ ಕೆಲಸವನ್ನು ತಿನ್ನುತ್ತಲೇ ಬಾವನಿಗೂ ತಿಳಿಸಿದೆ. ಬಂಗಾರಪೇಟೆಯ ಪಾನಿಪುರಿಯ ನೀರು ಬಾವಿಯ ನೀರಿನಷ್ಟು ತಿಳಿಯಾಗಿದ್ದು, ನೋಡಿದವರಿಗೆ ಯಾವ ಅನುಮಾನವನ್ನೂ ಹುಟ್ಟಿಸುವುದಿಲ್ಲ. ಖಾರ ಏರುವುದು ಆಮೇಲೆ. ಬಾವನ ನೀರಿನ ಬಾಟಲಿ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ ತಲುಪುವ ಮೊದಲೇ ಖಾಲಿಯಾಯಿತು. ಇದನ್ನು ನಾನು ಸುಮ್ಮನೆ ಬರೆಯುತ್ತಿಲ್ಲ. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಸಂಬಂಧ ಒಪ್ಪಿಗೆಯಾಗುವ ತನಕ ಹೆಣ್ಣಿನ ಕಡೆಯವರು ಗಂಡಿನ ಕಡೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ಒಪ್ಪಿದಂತೆ. ನನ್ನ ಮದುವೆಗೆ ಮೊದಲು ನನ್ನ ಮಾವನವರು ಸುಡು ಬಿಸಿಲಲ್ಲಿ ನಮ್ಮ ಮನೆಗೆ ಬಂದು, ನಮ್ಮ ಎಮ್ಮೆಯನ್ನು ಮನಸಾರೆ ಹೊಗಳಿ, ನೀರು ಕೊಟ್ಟರೆ ಬೇಡವೆಂದು ಹೇಳಿ, ಪಕ್ಕದ ಮನೆಗೆ ಹೋಗಿ ಒಂದು ತಂಬಿಗೆ ನೀರು ಕುಡಿದರು. ನಮ್ಮ ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಎರಡನೆಯ ಸಲ ಬಂದಾಗ ಅವರು ತಾವಾಗಿಯೇ ಮಜ್ಜಿಗೆ ಕೇಳಿದರು. ನಮ್ಮಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಈಗಿನ ಪ್ರಶ್ನೆಯೆಂದರೆ, ಬಿಯರ್ ಕುಡಿದರೆ ಏನರ್ಥ?

"ನೀನು ಕುಡುದ್ರೆ ಒಪ್ಪಿದಂಗೇ ಆಯ್ತಲ್ಲೋ," ಎಂದು ಬಾವ ಆಟೋದಲ್ಲಿ ಗಾಬರಿಯಾದರು.

ಅದು ಗಂಡಿನ ಮನೆಯಲ್ಲ, ಅಂಗಡಿ. ಕಾಸು ಕೊಟ್ಟು ಕುಡಿದದ್ದು ಉಪಚಾರವಾಗುವುದಿಲ್ಲ, ಹೋಟೆಲಿನ ಕಾಫಿಗೆ ಸಮನಾದದ್ದು ಎಂದು ನಾನು ವಿವರಿಸಿದೆ. ಬಾವ ಒಪ್ಪಿದರು, ನನ್ನ ಮಟ್ಟಿಗೆ ಮಾತ್ರ. ಹೆಣ್ಣಿನ ತಂದೆಯಾಗಿ ತಾವು ಅಲ್ಲಿ ನೀರನ್ನೂ ಮುಟ್ಟುವುದಿಲ್ಲವೆಂದರು.

ಬಂಗಲೆ ಕೆಂಪು ಹೆಂಚಿನದು. ಅದರ ಹಿಂದೆ ಗಣಿಯ ಮಣ್ಣಿನ ದಿಬ್ಬಗಳು. ಒಳಗೆ ಗಾಜಿನ ಗೋಡೆಯ ಆಚೆ ದೊಡ್ಡ ದೊಡ್ಡ ಸ್ಟೀಲಿನ ಟ್ಯಾಂಕುಗಳು ನಿಂತಿದ್ದವು. ಅವನ್ನು ಕಂಡ ಕೂಡಲೇ ನನ್ನ ಅರ್ಧ ಭಯ ಹೋಯಿತು, ಏಕೆಂದರೆ ನಮ್ಮ ಸೊಸೈಟಿಯ ಹಾಲು ತಣ್ಣಗಿಡುವ ಟ್ಯಾಂಕಿನ ಅಣ್ಣತಮ್ಮಂದಿರಂತೆಯೇ ಅವು ಇದ್ದವು. ಅಭ್ಯಾಸಬಲದಿಂದ, ಸರಿಯಾಗಿ ತೊಳೆದಿದ್ದಾರೆಯೇ ಎಂದು ಮೂಗೆತ್ತಿ ನೋಡಿದೆ. ತೊಳೆದಿದ್ದರು.

ಮಂಜುನಾಥ ತಾನೇ ಎದುರು ಬಂದು ಕೈಮುಗಿದ. ಗುರುತು ಹಿಡಿಯಲು ಅವನಿಗೆ ಕಷ್ಟವಾಗಿರಲಾರದು. ಬಿಯರ್ ಕುಡಿಯುವ ಸ್ಥಳಕ್ಕೆ ಇಸ್ತ್ರಿ ಪಂಚೆಯುಟ್ಟು ಬಂದು, ದೇವಸ್ಥಾನದಲ್ಲಿ ಕುಳಿತಂತೆ ಮೊಣಕಾಲು ಕೂಡಿಸಿ ಕುಳಿತವರು ಬೇರೆ ಯಾರಿದ್ದಾರು? ರುಚಿ ನೋಡುವವರಿಗೆಂದು ಅಲ್ಲಿ ಮರದ ಹಲಗೆಯೊಂದರಲ್ಲಿ ಐದು ಪುಟ್ಟ ಲೋಟಗಳನ್ನು ಸಾಲಾಗಿಟ್ಟು ತರುತ್ತಾರೆ. ತಂದಿಟ್ಟವರು ರೀಟಾ ಎಂಬ ಹೆಂಗಸು. ಗಣಿ ಕಾರ್ಮಿಕರ ಲೈನ್ ಮನೆಗಳವರು, ಮಾತಿನಲ್ಲಿ ಕನ್ನಡದೊಂದಿಗೆ ತಮಿಳೂ ಬರುತ್ತಿತ್ತು. ನಾನು ಮೊದಲು ಕಾಸು ಕೊಟ್ಟು, ಬಾವನಿಗೆ ಕಾಣುವಂತೆ ಚೀಟಿಯನ್ನು ಮೇಜಿನ ಮೇಲಿಟ್ಟೆ.

ಮೊದಲನೆಯದು ತೆಳ್ಳಗೆ, ತಣ್ಣಗೆ ಇತ್ತು. ಎರಡನೆಯದು ಗೋಧಿಯದು, ಬಾಳೆಹಣ್ಣಿನ ಪರಿಮಳ ಬಂತು, ಆದರೆ ಬಾಳೆಹಣ್ಣು ಹಾಕಿಲ್ಲವೆಂದು ಮಂಜುನಾಥ ಹೇಳಿದ. ಮೂರನೆಯದರ ಕಹಿ ಹಾಗಲಕಾಯಿಗೆ ದಾರಿ ಬಿಡುವಂಥದ್ದಲ್ಲ. ಪ್ರತಿಯೊಂದರಲ್ಲಿಯೂ ತಪ್ಪು ಹುಡುಕುವ ಉದ್ದೇಶದಿಂದಲೇ ಲೋಟವೆತ್ತಿದೆ, ಪ್ರತಿ ಸಲವೂ "ತೃಪ್ತಿಕರವಾಗಿದೆ" ಎಂದು ಇಳಿಸಿದೆ. ತಿಳಿಯದ ವಸ್ತುವಿನಲ್ಲಿ ತಪ್ಪು ಹುಡುಕುವುದು ಎಷ್ಟು ಕಷ್ಟವೆಂಬುದು ಆ ದಿನವೇ ನನಗೆ ಗೊತ್ತಾದದ್ದು. ನಾಲ್ಕನೆಯದು ರಾಗಿಯದು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡಿದ್ದೆಂದು ಹುಡುಗ ವಿವರಿಸಿದ. ನಮ್ಮ ಮನೆಗಳಲ್ಲಿ ಹಸುಗೂಸುಗಳಿಗೆ ಮಾಲ್ಟ್ ಮಾಡುವುದೂ ಹೀಗೆಯೇ. ಮನುಷ್ಯ ತೊಟ್ಟಿಲಲ್ಲಿ ಕುಡಿಯುವುದೂ ಇಲ್ಲಿ ಬಂದು ಕುಡಿಯುವುದೂ ಅರ್ಧ ದಾರಿಯವರೆಗೆ ಒಂದೇ ಆಗಿದ್ದು ಆಮೇಲೆ ಬೇರೆಯಾಗುತ್ತವೆಯಲ್ಲ ಎಂದು ಆಲೋಚಿಸುತ್ತ ಆ ಲೋಟವನ್ನು ಪೂರ್ತಿ ಮುಗಿಸಿದೆ.

ಬಾವ ಪಕ್ಕದಿಂದ ಪಿಸುಗುಟ್ಟಿದರು. "ತಪ್ಪು ಸಿಕ್ತೇನ್ಲಾ?"

"ಇನ್ನೂ ಇಲ್ಲ ಬಾವ."

"ಬೇಗ ಉಡುಕು. ನಾಲಿಗೆ ಒಣಗೋಯ್ತಾ ಐತೆ."

ಐದನೆಯದನ್ನು ಬಾಯಿಗಿಟ್ಟೆ. ಕಣ್ಣು ತಾನಾಗಿಯೇ ಮುಚ್ಚಿತು, ಕಿವಿಯ ಹಿಂಭಾಗ ಜುಮ್ಮೆಂದಿತು. ಧೈರ್ಯಕ್ಕೆ ಮೊದಲ ನಾಲ್ಕು ಲೋಟಗಳು ಎಷ್ಟರ ಮಟ್ಟಿಗೆ ಕಾರಣವೆಂದು ನಾನು ಹೇಳಲಾರೆ. ಎದ್ದು ನಿಂತು ಹೀಗೆಂದೆ: "ಈ ಐದನೆಯದರ ಬಗ್ಗೆ ತಮ್ಮ ಗಮನಕ್ಕೆ ತರುವುದೇನೆಂದರೆ, ಇದು ಕೆಟ್ಟಿದೆ. ನಿನ್ನೆಯ ಸಾರಿನಂತಿದೆ."

ಮೇಜು ಒರೆಸುತ್ತಿದ್ದ ರೀಟಾ ಅವರ ಕೈ ನಿಂತಿತು. ನಾನು ಹುಡುಗನ ಮುಖವನ್ನು ನೋಡಿದೆ. ನಮ್ಮ ಅಶ್ವಿನಿಯ ಮದುವೆ ಆಗ ಆ ಮುಖದ ಮೇಲೆಯೇ ನಿಂತಿತ್ತು. ಹುಬ್ಬು ಮೇಲೇರಿತು, ಏರಿದ್ದು ಇಳಿಯಿತು. ಅವನು ತಾನೂ ಒಂದು ಲೋಟಕ್ಕೆ ಅದನ್ನೇ ಬಿಟ್ಟುಕೊಂಡು, ಒಂದು ಗುಟುಕನ್ನು ಬಾಯಲ್ಲಿ ತಡೆದು ನೋಡಿದ.

"ಉಣ್ಸೆಹಣ್ಣು ಆಕಿದೀನಿ ಸಾರ್. ಉಳಿ ಬೇಕಂತ್ಲೇ ಮಾಡಿರೋದು."

ನನಗೆ ಮುಚ್ಚಿದ ಗಣಿಯೊಂದಕ್ಕೆ ಇಳಿದುಬಿಡೋಣವೆನ್ನಿಸಿತು. ತಪ್ಪು ತೋರಿಸಲು ಹೋಗಿ ಅವನ ಹೆಚ್ಚುಗಾರಿಕೆಯನ್ನೇ ಕೆಟ್ಟದ್ದೆಂದಿದ್ದೆ. ಅವನು ಅಷ್ಟಕ್ಕೇ ನಿಲ್ಲಿಸಿ, ಇದೆಲ್ಲ ನಿಮಗೆ ತಿಳಿಯುವುದಿಲ್ಲ ಎಂದಿದ್ದರೂ ನ್ಯಾಯವಾಗಿಯೇ ಇರುತ್ತಿತ್ತು. ಅವನು ಇನ್ನೊಂದು ಗುಟುಕು ಕುಡಿದ.

"ಆದ್ರೆ ನೀವಂದಂಗೆ ಸಾರೇ ಸಾರ್ ಇದು," ಎಂದು ನಕ್ಕುಬಿಟ್ಟ. "ಮೊದ್ಲೇ ಏಳದೆ ಕೊಟ್ಟಿದ್ದು ನನ್ನ ತಪ್ಪು."

"ಇದು ಕುಡಿದೋರ್ ಯಾರೂ ಎರಡ್ನೇ ಗ್ಲಾಸ್ ಕೇಳಲ್ಲ ಸಾರ್," ಎಂದರು ರೀಟಾ. "ಆದ್ರೂ ಎಲ್ಲಾರೂ ಸೂಪರ್, ಸೂಪರ್ ಅಂತಾರೆ. ಉಣ್ಮೆ ಹೇಳಿದ್ದು ನೀವೊಬ್ರೇ." ಉಣ್ಮೆಯೆಂದರೆ ತಮಿಳಿನಲ್ಲಿ ನಿಜ.

"ಅದಕ್ಕೇ ಅಲ್ವಾ ಅಕ್ಕಾ ನಾನು ದಿನಾ ಎಲ್ಲಾರ್ನೂ ಕೇಳೋದು, ಯಾರಾನ ಬೈಯ್ರಪ್ಪಾ ಅಂತ!" ಎಂದು ಮಂಜುನಾಥ ಸೀಮೆಸುಣ್ಣ ತೆಗೆದುಕೊಂಡು, ಬಿಯರುಗಳ ಹೆಸರು ಬರೆದಿದ್ದ ಕಪ್ಪು ಹಲಗೆಯಲ್ಲಿ ಐದನೆಯದರ ಪಕ್ಕಕ್ಕೆ 'ಹುಳಿ ಇರುತ್ತೆ, ಸಾರಿನ ಥರ' ಎಂದು ಬರೆದ. ಬರೆದು, ಸ್ಟೂಲು ಎಳೆದುಕೊಂಡು ನನ್ನೆದುರು ಕುಳಿತ. "ಇನ್ನೇನ್ ತಪ್ಪೈತೆ ಏಳಿ ಸಾರ್."

ನನ್ನ ಬಳಿ ತಪ್ಪುಗಳ ದಾಸ್ತಾನು ಮುಗಿದಿತ್ತು. ಆಗ ಬಾವ ಗಂಟಲು ಸರಿಮಾಡಿಕೊಂಡರು.

"ಒಂದ್ ಲೋಟ ನೀರ್ ಕೊಡಪ್ಪಾ."

ಕ್ಯಾಸಂಬಳ್ಳಿ ಕಡೆಯ ಹುಡುಗನಿಗೆ ಆ ಮಾತಿನ ಬೆಲೆ ತಿಳಿಯದಿರುವುದು ಹೇಗೆ? ಅವನು ಲೋಟ ತುಂಬಿದ ಮೇಲೂ ಜಗ್ಗಿನಿಂದ ಸುರಿಯುತ್ತಲೇ ಇದ್ದುದರಿಂದ ನೀರು ಮೇಜಿನ ಮೇಲೆ ಚೆಲ್ಲಿತು. ಏನೂ ಅರಿಯದ ರೀಟಾ, "ಇಷ್ಟು ದೂರ ಬಂದು ಬರೀ ತಣ್ಣಿ ಕುಡೀತೀರಾ ಅಂಕಲ್?" ಎಂದು ನಕ್ಕರು. ಬಾವ ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡು, ಲೋಟವನ್ನು ಮತ್ತೆ ಮುಂದಕ್ಕೆ ಹಿಡಿದರು.

ಬಸ್ಸಿನಲ್ಲಿ ನಾನು ಕೇಳಿದೆ. "ಒಪ್ಪಿ ಕುಡುದ್ರಾ ಬಾವ, ಬಾಯಾರಿ ಕುಡುದ್ರಾ?"

"ಮೊದಲ್ನೇದು ಬಾಯಾರ್ಕೆಗೆ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಮನೆಯಲ್ಲಿ ಅಕ್ಕನಿಗೆ ವರದಿ ಒಪ್ಪಿಸಿದೆ. ಸಾರಿನ ಉಪ್ಪು ನೋಡಲು ನೀನು ಅಂಗೈಗೆ ಬಿಟ್ಟುಕೊಳ್ಳುವಷ್ಟೇ ಅವನು ಬಾಯಿಗೆ ಬಿಟ್ಟುಕೊಳ್ಳುವುದು ಎಂದೆ. ರಾಗಿ ಮಾಲ್ಟಿನ ವಿಷಯವನ್ನೂ ಹೇಳಿದೆ. ಅಕ್ಕನ ಮುಖ ಬೆಳಗಿತು. "ಅಂಗಾದ್ರೆ ಮಾಲ್ಟ್ ಕೆಲ್ಸ ಅನ್ನು! ಮೊದ್ಲೇ ಅಂಗನ್ನಬಾರ್ದಾ?" ಎಂದು ಲಗ್ನಪತ್ರಿಕೆ ಹಿಡಿದು ಬೀದಿಗೆ ಇಳಿಯಲು ಸಿದ್ಧಳಾದಳು.

ಅಶ್ವಿನಿ ಮಾತ್ರ ಎಲ್ಲವನ್ನೂ ಕೇಳಿ, "ಬೋರ್ಡ್ ಮ್ಯಾಲೆ ಬರೀವಾಗ ನಗ್ತಾ ಬರುದ್ನಾ, ಸಿಟ್ಟಲ್ಲಿ ಬರುದ್ನಾ?" ಎಂದು ಕೇಳಿದಳು. ನಗುತ್ತಲೇ ಎಂದೆ. "ನಾನೇ ಒಂದ್ಸಲ ನೋಡ್ತೀನಿ," ಎಂದಳು.

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಅವಳು ಐದನೆಯದನ್ನು ತುಟಿಗೆ ಮುಟ್ಟಿಸಿ, "ಉಪ್ಪು ಕಮ್ಮಿ," ಎಂದಳು. ಎಷ್ಟು ಹಾಕಬೇಕೆಂದು ಅವನು ಕೇಳಿದ. ಚಿಟಿಕೆ ಎಂದಳು. ಯಾರ ಚಿಟಿಕೆ, ನಿಮ್ಮದೋ ನನ್ನದೋ, ಎಂದ. ಮಾತು ಬೆಳೆಯಿತು. ಸೋದರಮಾವನ ಕರ್ತವ್ಯವೆಂದು ತಿಳಿದು ನಾನು ದೂರದ ಮೂಲೆಯಲ್ಲಿ ರಾಗಿಯದನ್ನು ಹಿಡಿದು ಕುಳಿತೆ. ಅಲ್ಲಿಗೂ ಅಶ್ವಿನಿಯ ಮಾತು ಕೇಳಿಸುತ್ತಿತ್ತು.

"ಒಂದ್ ಮಾತ್ ಏಳ್ಲಾ?" ಎಂದ ಮಂಜುನಾಥ. "ನಿಮ್ಮ ದನಿ ವಸಿ ಜೋರು. ಪಕ್ಕದ ಮೇಜಿನೋರು ಕುಡಿಯೋದ್ ಬಿಟ್ಟು ನಿಮ್ಮನ್ನೇ ಕೇಳ್ತಾವ್ರೆ."

ಯಾರೂ ಹೇಳಿ ಕಳುಹಿಸದಿದ್ದರೂ ಈ ಸಲ ನಾನು ಅಶ್ವಿನಿಯ ಮುಖವನ್ನು ನೋಡಿದೆ. ಮೂಗಿನ ತುದಿ ಕೆಂಪಾಯಿತು. ಬಾಯಿ ತೆರೆಯಿತು, ಮುಚ್ಚಿತು. ಪಕ್ಕದ ಮೇಜಿನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬಹಳ ಮೆತ್ತಗೆ, "ಅದೊಂದು ನಿಜ," ಎಂದಳು. ಆ ಮೆತ್ತಗಿನ ದನಿಯನ್ನು ಅವಳು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ. ಮದುವೆ ಬರುವ ಶ್ರಾವಣದಲ್ಲಿ.

ಇದನ್ನೆಲ್ಲ ಬರೆದು ಮುಗಿಸಿದ ಮೇಲೆ ನನಗೆ ಒಂದು ಅಳುಕು ಹುಟ್ಟಿದೆ. ಇನ್ನೊಬ್ಬರ ಮುಖ ಪರೀಕ್ಷಿಸಲು ಬಸ್ಸು ಹತ್ತಿ ಹೋಗಿ ಬಂದ ನಾನು, ತಪ್ಪು ತೋರಿಸಿದಾಗ ನನ್ನ ಮುಖ ಹೇಗಾಗುತ್ತದೆಂಬುದನ್ನು ಈ ವಯಸ್ಸಿನವರೆಗೂ ನೋಡಿಕೊಂಡಿಲ್ಲ. ಹಸುವಿನ ಮೇಲೆ ಹಾಕಿ ಮಾತಾಡುವವನಿಗೆ ಜನರೂ ಹಸುವಿನ ಮೇಲೆ ಹಾಕಿಯೇ ಹೇಳುತ್ತಾರಷ್ಟೆ. ಆದುದರಿಂದ ಈ ಬರಹದಲ್ಲಿ ಯಾವುದೇ ತಪ್ಪು ಕಂಡುಬಂದಲ್ಲಿ, ತಾವು ಸಂಕೋಚಪಡದೆ ನೇರವಾಗಿ ತಿದ್ದಿ ತಿಳಿಸಬೇಕಾಗಿ ಕೋರುತ್ತೇನೆ. ನನ್ನ ಮುಖ ಮೊದಲು ಸ್ವಲ್ಪ ಊದಿಕೊಳ್ಳಬಹುದು. ದಯಮಾಡಿ ಒಂದು ಗುಟುಕಿನಷ್ಟು ಹೊತ್ತು ಕಾಯುವುದು.