ಕ್ಷೌರದ ಕುರ್ಚಿಯ ಹೈಕೋರ್ಟು

ಸರೋವರದ ದಡದ ಕಿಸುಮು ಪೇಟೆಯಲ್ಲಿ ಕ್ಷೌರದ ಒಗುಟುವಿನ ನಾಲಿಗೆ ನಿಂತರೆ ಕತ್ತಿಯೂ ನಿಲ್ಲುತ್ತದೆಂದು ಪ್ರತೀತಿ. ಅವನು ಬಾಯಿ ಮುಚ್ಚಿಕೊಂಡು ಗಡ್ಡ ಹೆರೆದದ್ದನ್ನು ಸರೋವರದ ನೀರಾನೆಗಳೂ ಕಂಡಿಲ್ಲ. ಬೀದಿಯಲ್ಲಿ ಮೈ ಮಾರುವ ಐವರು ಹೆಂಗಸರನ್ನು ಕೊಂದು "ಊರಿನ ಕೊಳೆ ತೊಳೆದೆ" ಎಂದ ಲಾರಿ ಡ್ರೈವರ್ ಸಿಕ್ಕಿಬಿದ್ದ ಮೇಲಂತೂ ಅವನ ಕುರ್ಚಿಯೇ ಹೈಕೋರ್ಟು. "ಅವ್ನು ಮಾಡಿದ್ರಲ್ಲಿ ತಪ್ಪೇನಿದೆ?" ಎನ್ನುವ ಚರ್ಚಿನ ಹಿರಿಯನಿಗೆ "ನ್ಯಾಯವೇ ಬಿಡಿ" ಎನ್ನುತ್ತಾನೆ, "ನೇಣಿಗೆ ಹಾಕ್ಬೇಕು" ಎನ್ನುವ ಮೀನಿನವನಿಗೆ "ಹಗ್ಗ ನಾನೇ ಕೊಡ್ತೀನಿ" ಎನ್ನುತ್ತಾನೆ. ತನ್ನ ಧರ್ಮ ಗಿರಾಕಿಯ ಕೆನ್ನೆ ತಿರುಗಿದ ಕಡೆಗೇ ತಿರುಗುತ್ತದೆಂದು ಅವನಿಗೂ ಗೊತ್ತು. ಅದನ್ನೂ ತಾನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾನೆ. ಮೊನ್ನೆ ಮುದುಕ ಓಂಡಿಟಿ ಮಗಳನ್ನು ಮಣ್ಣು ಮಾಡಿ, ಸೂತಕದ ತಲೆ ಬೋಳಿಸಿಕೊಳ್ಳಲು ಬಂದು ಕೂತ. ಸತ್ತ ಐವರಲ್ಲಿ ಅವಳು ಕೊನೆಯವಳು. ಅರ್ಧ ತಲೆ ಆಗುವವರೆಗೂ, ಅಂಗಡಿಯ ಚರಿತ್ರೆಯಲ್ಲೇ ಮೊದಲ ಸಲ, ಕತ್ತಿಯದೊಂದೇ ಸದ್ದು. "ಏನಪ್ಪಾ ಜಡ್ಜು, ನಿನ್ನೆ ನ್ಯಾಯ ಅಂದ್ಯಂತೆ. ಇವತ್ತೇನು ತೀರ್ಪು?" ಎಂದು ಮುದುಕ ಕನ್ನಡಿಯಲ್ಲೇ ಅವನನ್ನು ನೋಡುತ್ತ ಕೇಳಿದ. ಒಗುಟು ಕತ್ತಿಯನ್ನು ಕೆಳಗಿಟ್ಟ. "ಸ್ವಲ್ಪ ಸುಮ್ನಿರಜ್ಜ, ಮಾತಾಡ್ತಾ ಇದ್ರೆ ಕತ್ತಿ ನಡೆಯಲ್ಲ."