ಆಕ್ಸಿಲರೇಟರ್ ಮೇಲಿದ್ದ ಕಾಲು

ಮಂಜೇಗೌಡರೇ, ಅವತ್ತು ಆಕ್ಸಿಲರೇಟರ್ ಒತ್ತಿದವನು ನಾನು. ಯಾರೋ ಗುರುತಿಲ್ಲದವನು ಕಾರಿಗೆ ಹತ್ತಿ ಕೂತು ಒತ್ತಿದ ಎಂದು ಪೊಲೀಸರಿಗೆ ಹೇಳಿದ್ದೆನಲ್ಲ — ಅದು ಸುಳ್ಳು. ನಾನು ಸೀಟಿನಿಂದ ಇಳಿದೇ ಇರಲಿಲ್ಲ. ನಿಮ್ಮ ಮುಖವನ್ನು ನನ್ನ ಕಾರಿನ ಸೈಲೆನ್ಸರ್ ಕೊಳವೆಗೆ ಅದುಮಿ ಹಿಡಿದಿದ್ದಾರೆ ಎಂದು ಗೊತ್ತಿದ್ದೇ ಒತ್ತಿದೆ. ಒಂದು ಸಲ ಅಲ್ಲ, ಮೂರು ಸಲ.

ನಾಲ್ಕು ವರ್ಷದಿಂದ ಈ ಮಾತನ್ನು ಮುಚ್ಚಿಟ್ಟಿದ್ದೆ. ಇವತ್ತು ನಿಮಗೆ ಬರೆಯುತ್ತಿದ್ದೇನೆ. ನನ್ನ ಸಿಟ್ಟು ಹೊಳೆನರಸೀಪುರಕ್ಕೆಲ್ಲ ಗೊತ್ತಿದ್ದದ್ದೇ. ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡುತ್ತ ಎಷ್ಟು ಬೆತ್ತ ಮುರಿದೆನೋ ಲೆಕ್ಕವಿಲ್ಲ. ಹೊಡೆಸಿಕೊಂಡವರೇ ದೊಡ್ಡವರಾಗಿ ಬಂದು ಕಾಲಿಗೆ ಬೀಳುತ್ತಿದ್ದರು. ಹಾಗಾಗಿ ನನ್ನ ಸಿಟ್ಟು ನನಗೊಂದು ಗುಣದಂತೆಯೇ ಕಾಣುತ್ತಿತ್ತು.

ಆ ಡೀಸೆಲ್ ಕಾರನ್ನು ಎಷ್ಟು ಆಸೆಪಟ್ಟು ಕೊಂಡಿದ್ದೆ. ಆಮೇಲೆ ಒಂದು ದಿನ ಸುದ್ದಿ ಬಂತು — ಕಂಪನಿಯವರೇ ಮೋಸ ಮಾಡಿದ್ದಾರೆ, ಟೆಸ್ಟಿಗೆ ನಿಲ್ಲಿಸಿದಾಗ ಮಾತ್ರ ಹೊಗೆ ಕಡಿಮೆ ಬಿಡುವ ಹಾಗೆ ಕಾರಿನ ಕಂಪ್ಯೂಟರಿಗೆ ಕಲಿಸಿಟ್ಟಿದ್ದಾರೆ, ರಸ್ತೆಗಿಳಿದರೆ ಅದು ಬಿಡುವ ವಿಷವೇ ಬೇರೆ ಎಂದು. ಶೋರೂಮಿನವರು ಕರೆಸಿಕೊಂಡು ಅದೇನೋ ಬದಲಿಸಿ ಕಳಿಸಿದರು. ಅವತ್ತಿಗೆ ಪಿಕಪ್ ಸತ್ತುಹೋಯಿತು. ಹಾಸನದ ರಸ್ತೆಯಲ್ಲಿ ಒಂದು ಲಾರಿ ಹಿಂದಿಕ್ಕಲು ಹೋದರೆ ಕಾರು ಏದುಸಿರು ಬಿಡುತ್ತಿತ್ತು. ನಮ್ಮ ಡೀಸೆಲ್ ಕಾರಿನವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಅದೇ ಬೈಗುಳ. ಕದ್ದವರು ಆರಾಮಾಗಿದ್ದಾರೆ, ರೂಲ್ಸ್ ಮಾತ್ರ ನಮಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಗಾದೆಯನ್ನು ಗುಂಪಿಗೆ ಬರೆದು ಹಾಕಿದವನೂ ನಾನೇ.

ಬರೆದು ಸುಮ್ಮನಾಗಲಿಲ್ಲ. ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿಗೆ ಹೋಗಿ, ಹೊಗೆ ಸೋಸುವ ಫಿಲ್ಟರನ್ನೇ ಕಿತ್ತು ಹಾಕಿಸಿದೆ. ಲ್ಯಾಪ್‌ಟಾಪ್ ಜೋಡಿಸಿ ಕಂಪ್ಯೂಟರನ್ನೂ ತಿದ್ದಿಸಿದೆ. ವಾಪಸು ಬರುವಾಗ ಕಾರು ಹಾರಿಕೊಂಡು ಬಂತು. ಹಿಂದೆ ಬರುತ್ತಿದ್ದ ಬೈಕಿನವನು ನನ್ನ ಕರಿ ಹೊಗೆಯಲ್ಲಿ ಮುಖ ಮುಚ್ಚಿಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಶ್ವಾಸಕೋಶದ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವನು ನಾನು — ನಕ್ಕೆ.

ನಿಮ್ಮ ಹೊಗೆ ತಪಾಸಣೆಯ ವ್ಯಾನಿಗೆ ಬಂದದ್ದು ಅದಾದ ಮೇಲೆ. ಪೊಲೀಸರು ಸರ್ಟಿಫಿಕೇಟ್ ಕೇಳಲು ಶುರುಮಾಡಿದ್ದರು. ಬೇರೆ ಕಡೆ ನಂಬರ್ ಪ್ಲೇಟಿನ ಫೋಟೋ ತೆಗೆದು ಚೀಟಿ ಕೈಗಿಡುತ್ತಿದ್ದರು. ನಿಜವಾಗಿ ಕೊಳವೆ ತೂರಿಸಿ ಅಳೆಯುತ್ತಿದ್ದವರು ನೀವೊಬ್ಬರೇ. ಅದಕ್ಕೇ ನಿಮ್ಮ ಮುಂದೆ ಸಾಲು, ಸಾಲಿನ ತುಂಬ ಗೊಣಗಾಟ. ನನಗಿಂತ ಮುಂಚೆ ಎರಡು ಗೂಡ್ಸ್ ಆಟೋಗಳನ್ನು ನೀವು ವಾಪಸು ಕಳಿಸಿದ್ದಿರಿ. ಅದರಲ್ಲೊಂದು ನನ್ನ ಹಳೆಯ ಶಿಷ್ಯ ಸತೀಶನದು. ಅವನು ಹಲ್ಲು ಕಡಿಯುತ್ತ ಅಲ್ಲೇ ನಿಂತಿದ್ದ.

ನೀವು ಒತ್ತಿ ಎಂದಾಗ ಒತ್ತಿದೆ, ಬಿಡಿ ಎಂದಾಗ ಬಿಟ್ಟೆ. ಆಮೇಲೆ ನೀವು ಕಿಟಕಿಯ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ ಬಗ್ಗಿ ಹೇಳಿದಿರಿ.

"ಇದ್ರಲ್ಲಿ ಏನೋ ಬಿಚ್ಚವ್ರೆ ಸಾ. ಸರಿ ಮಾಡುಸ್ಕಂಡ್ ಬನ್ನಿ, ಇನ್ನೊಂದ್ಸಲ ನೋಡ್ಕೊಡ್ತೀನಿ. ಇಂಗೇ ಕೊಟ್ರೆ ತಪ್ಪಾಯ್ತದೆ."

ನನ್ನ ಮಾನ ಕಾಯಲೆಂದೇ ಮೆಲ್ಲಗೆ ಹೇಳಿದಿರಿ. ನನಗೆ ಅದೇ ಉರಿಯಿತು. ಶಿಷ್ಯರ ಎದುರಿಗೆ ಮೇಷ್ಟ್ರು ಫೇಲು — ಅಷ್ಟೇ ತಲೆಯಲ್ಲಿ. ಇಡೀ ಸಾಲಿಗೆ ಕೇಳುವಂತೆ ಕೂಗಿದೆ: "ಇವನು ಮಿಷನ್ನಿಗೇ ಮೋಸ ಇಟ್ಟಿದ್ದಾನೆ ಕಣ್ರೋ. ನಾನು ಸೈನ್ಸ್ ಮೇಷ್ಟ್ರು, ನನಗೆ ಗೊತ್ತಾಗಲ್ವಾ?"

ಗೊತ್ತಿತ್ತು. ನಿಮ್ಮ ಮಿಷನ್ ಸರಿಯಾಗಿದೆ ಎಂದು ಆ ಸಾಲಿನಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ.

ಮೊದಲ ಏಟು ಸತೀಶನದು. ಆಮೇಲೆ ಯಾರು ಯಾರೋ. ನಿಮ್ಮನ್ನು ನನ್ನ ಕಿಟಕಿಯ ಬಳಿಯಿಂದ ಕೂದಲು ಹಿಡಿದು ಎಳೆದರು, ಕೆಳಗೆ ಕೆಡವಿ ಹೊಟ್ಟೆಗೆ ಒದ್ದರು, ಮಿಷನ್ನನ್ನು ಎತ್ತಿ ರಸ್ತೆಗೆ ಹಾಕಿದರು, ಅಳೆಯುವ ಕೊಳವೆಯಿಂದಲೇ ಬೆನ್ನಿನ ಮೇಲೆ ಬಾರಿಸಿದರು. ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಕಂಪನಿಯ ಮೇಲೆ, ಶೋರೂಮಿನ ಮೇಲೆ, ರೂಲ್ಸಿನ ಮೇಲೆ ಇದ್ದ ನನ್ನ ಸಿಟ್ಟೆಲ್ಲ ಕೈಕಾಲು ಬಂದು ನಿಮ್ಮನ್ನು ತುಳಿಯುತ್ತಿತ್ತು. ಸುಖವಾಯಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ — ಸುಖವಾಯಿತು.

ಸತೀಶ ನಿಮ್ಮ ಕತ್ತು ಹಿಡಿದು ಕಾರಿನ ಹಿಂದಕ್ಕೆ ಎಳೆದು ತಂದ. "ಒತ್ತಿ ಸಾ, ಈ ನನ್ಮಗುಂಗೇ ಟೆಸ್ಟ್ ಮಾಡವ" ಅಂದ. ಆ ಗದ್ದಲದಲ್ಲಿ ನಿಮಗೆ ಅದು ಕೇಳಿಸಿರಲಿಕ್ಕಿಲ್ಲ.

ಇಂಜಿನ್ ಓಡುತ್ತಲೇ ಇತ್ತು. ಒತ್ತಿದೆ. ನೀವು ಕೂಗಿದಿರಿ. ಕೂಗು ಕೇಳಿದ ಮೇಲೆ ಇನ್ನೊಂದು ಸಲ ಒತ್ತಿದೆ. ಮೂರನೆಯದು — ಯಾಕೆ ಒತ್ತಿದೆನೋ ಇವತ್ತಿಗೂ... ಆಗ ನಿಮ್ಮ ಕೂಗೂ ನಿಂತಿತ್ತು. ಆ ಸದ್ದಿಲ್ಲದ್ದಕ್ಕೇ ಹೆದರಿ, ಇಂಜಿನ್ ಆರಿಸಿ ಇಳಿದು, "ಬಿಡ್ರೋ, ಸಾಯ್ತಾನೆ" ಎಂದು ಕಿರುಚಿದೆ. ನಿಮ್ಮ ಕೆನ್ನೆಯ ಚರ್ಮ ಕೊಳವೆಗೆ ಅಂಟಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲವಲ್ಲ. ಹೋದದ್ದು ನಿಮ್ಮ ಎಡಗಣ್ಣು. ಸತೀಶ ಜೈಲು ಕಂಡು ಬಂದ, ಕೇಸು ಇನ್ನೂ ನಡೆಯುತ್ತಿದೆ. ಮೇಷ್ಟ್ರ ಹೆಸರನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಫಿಲ್ಟರನ್ನು ಮತ್ತೆ ಹಾಕಿಸಲೂ ಇಲ್ಲ. ಚನ್ನರಾಯಪಟ್ಟಣಕ್ಕೆ ಹೋಗಿ, ನಂಬರ್ ಪ್ಲೇಟಿನ ಫೋಟೋ ತೆಗೆಸಿ, ಸರ್ಟಿಫಿಕೇಟ್ ತಂದುಕೊಂಡೆ.

ಇಷ್ಟಾದರೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಆದರೆ ಹೋದ ತಿಂಗಳು ನೀವು ನನ್ನ ಮನೆಯ ಬಾಗಿಲಿಗೆ ಬಂದಿರಿ, ಚೀಲದಲ್ಲಿ ಎಳೆ ಅವರೆಕಾಯಿ ಹಿಡಿದುಕೊಂಡು. ವ್ಯಾನು ಮಾರಿ ಹೊಲಕ್ಕೆ ಬಿದ್ದಿದ್ದೇನೆ ಅಂದಿರಿ. ಕೂತುಕೊಳ್ಳಲೂ ಇಲ್ಲ.

"ಮಿಷನ್ನೇ ಕೆಟ್ಟಿತ್ತೇನೋ ಸಾ, ನೀವು ಓದಿದೋರು ಸುಮ್ಕೆ ಯೋಳ್ತೀರಾ. ನನ್ನಿಂದ ಎಷ್ಟು ಜನುಕ್ಕೆ ಅನ್ಯಾಯ ಆಗದೋ. ಅಂಗಿದ್ರೂ ಅವತ್ತು ನೀವೇ ಬಿಡುಸುದ್ರಿ" ಎಂದು ನನಗೆ ಕೈಮುಗಿದಿರಿ.

ನಾನು ಆ ಅವರೆಕಾಯಿ ಇಸಕೊಂಡೆ. ಆಗಲೂ ಹೇಳಲಿಲ್ಲ.

ನಿಮ್ಮ ಮಿಷನ್ ಸರಿಯಾಗಿತ್ತು, ಮಂಜೇಗೌಡರೇ. ನೀವು ಯಾರಿಗೂ ಅನ್ಯಾಯ ಮಾಡಲಿಲ್ಲ.

ನಿನ್ನೆ ಠಾಣೆಗೆ ಹೋಗಿ ಇದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ಭಾನುವಾರ ನಿಮ್ಮೂರು ಮಲ್ಲಿಪಟ್ಟಣಕ್ಕೆ ಬಂದು ಈ ಕಾಗದವನ್ನು ನಾನೇ ನಿಮ್ಮೆದುರು ನಿಂತು ಓದುತ್ತೇನೆ. ಠಾಣೆಗಿಂತ ಮೊದಲು ನಿಮ್ಮ ಹತ್ತಿರವೇ ಬರಬಹುದಿತ್ತು. ಬಂದಿದ್ದರೆ ನೀವು "ಓಗ್ಲಿ ಬುಡಿ ಸಾ" ಅಂದುಬಿಡುತ್ತಿದ್ದಿರಿ. ನಾನು ಅಷ್ಟನ್ನೇ ತೆಗೆದುಕೊಂಡು ಮನೆಗೆ ಹೋಗಿಬಿಡುತ್ತಿದ್ದೆ.